11 ತಿಂಗಳ ಅಗ್ರಿಮೆಂಟು, ಒಂದು ಪರಂಗಿ ಗಿಡ

ಬಾಡಿಗೆ ಮನೆಯಲ್ಲಿ ಇರೋರಿಗೆ ಒಂದು ಅಭ್ಯಾಸ ಬಂದುಬಿಟ್ಟಿರುತ್ತೆ. ಏನು ಕೊಳ್ಳೋಕೆ ಹೋದರೂ ಮೊದಲು, ‘ಮನೆ ಖಾಲಿ ಮಾಡುವಾಗ ಇದನ್ನ ಹೇಗೆ ಸಾಗಿಸೋದು?’ ಅಂತ ಲೆಕ್ಕ ಹಾಕ್ತೀವಿ. ದೊಡ್ಡ ಬೀರು ಬೇಡ. ಗೋಡೆಗೆ ಮೊಳೆ ಬೇಡ. ಗಿಡ ಅಂದ್ರೆ ಕುಂಡದಲ್ಲಿ ಮಾತ್ರ. ನೆಲದಲ್ಲಿ ನೆಟ್ಟರೆ ಮುಗೀತು, ಅದು ಓನರ್‌ದು.

ಕಳೆದ ವರ್ಷ ಜೂನ್‌ನಲ್ಲಿ ನಾವು ಮೈಸೂರಿನ ಕುವೆಂಪುನಗರದ ಒಂದು ಮನೆಯ ಕೆಳಗಿನ ಪೋರ್ಷನ್‌ಗೆ ಬಂದೆವು. ನಾನು, ನನ್ನ ಗಂಡ, ಅತ್ತೆ. ಮೇಲಿನ ಮನೆಯಲ್ಲಿ ಓನರ್ ಆಂಟಿ ಒಬ್ಬರೇ. ಅಗ್ರಿಮೆಂಟು ಎಲ್ಲರದ್ದೂ ಇರುವ ಹಾಗೆ 11 ತಿಂಗಳದ್ದು. ಮನೆಗೂ ಕಾಂಪೌಂಡಿಗೂ ನಡುವೆ ನಾಲ್ಕಡಿ ಅಗಲದ ಮಣ್ಣಿನ ಜಾಗ ಇತ್ತು. ಅದೃಷ್ಟಕ್ಕೆ ಯಾರೂ ಇನ್ನೂ ಸಿಮೆಂಟ್ ಹಾಕಿರಲಿಲ್ಲ. ಪಾತ್ರೆ, ಪುಸ್ತಕ ಎಲ್ಲ ಜೋಡಿಸಿದ ಮೇಲೆ ಒಂದು ಭಾನುವಾರ ದೇವರಾಜ ಮಾರುಕಟ್ಟೆಯಿಂದ ತಂದ ಪರಂಗಿ ಹಣ್ಣು ಕತ್ತರಿಸುತ್ತಾ ಕೂತಿದ್ದೆ. ನೂರಾರು ಕರಿ ಬೀಜ, ತಟ್ಟೆ ತುಂಬಾ. ಎಸೆಯೋಕೆ ಮನಸ್ಸಾಗಲಿಲ್ಲ.

‘ಒಂದು ಗಿಡ ಹಾಕೋಣ ಅತ್ತೆ’ ಅಂದೆ.

‘ಹಾಕವ್ವ. ಪರಂಗಿ ವರ್ಷದೊಳಗೆ ಹಣ್ಣು ಕೊಡ್ತದೆ’ ಅಂದರು. ಅತ್ತೆ ತಿ. ನರಸೀಪುರದ ಕಡೆಯವರು. ಹಿತ್ತಲಲ್ಲಿ ಪರಂಗಿ ಇಲ್ಲದ ಮನೆ ಅವರು ಕಂಡಿಲ್ಲ.

ವರ್ಷದೊಳಗೆ! ನನ್ನ ತಲೆಯಲ್ಲಿ ಆ 11 ತಿಂಗಳು ಓಡಾಡತೊಡಗಿತು. ಮಾವು, ಹಲಸು, ಸಪೋಟ ಇವೆಲ್ಲ ಸ್ವಂತ ಮನೆಯವರ ಮರಗಳು. ಬಾಡಿಗೆದಾರರಿಗೆ ಅಂತ ಒಂದು ಹಣ್ಣಿನ ಗಿಡ ಇದ್ದರೆ ಅದು ಪರಂಗಿಯೇ ಅಂತ ಆವತ್ತು ಅನ್ನಿಸಿತು.

ಫ್ರಿಜ್ಜಿನಲ್ಲಿ ಮೂರು ವಾರ

ಅತ್ತೆಯ ಮಾತು ಕೇಳಿದ್ದರೆ ಈ ಅಂಕಣ ಅರ್ಧಕ್ಕೇ ಮುಗಿಯುತ್ತಿತ್ತು. ನಾನು ಕೇಳಿದ್ದು ಫೋನಿನ ಮಾತು. ಹುಡುಕಿದೆ. ಪರಂಗಿಗೆ ಇಂಗ್ಲಿಷಿನಲ್ಲಿ ‘ಪಾಪಾ’ ಅಂತಲೂ ಹೇಳ್ತಾರೆ ಅಂತ ಎಲ್ಲೋ ಓದಿದ್ದೆ. ಒಂದು ವಿಡಿಯೊ ಸಿಕ್ಕಿತು. ಬೀಜ ಒಣಗಲು ಬಿಡಬೇಡಿ, ಒದ್ದೆ ಟಿಶ್ಯೂನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೂರು ತಿಂಗಳು ಇಡಿ, ಆಮೇಲೆ ಬಿತ್ತಿ ಅಂತ. ಮೂರು ತಿಂಗಳಾ ಅನ್ನಿಸಿದರೂ, ಹೇಳ್ತಿರೋರು ತಿಳಿದವರ ಹಾಗೆ ಕಂಡರು. ಟಿಶ್ಯೂನಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ದೋಸೆ ಹಿಟ್ಟಿನ ಪಕ್ಕ ಇಟ್ಟೆ.

ಮೂರು ವಾರ ಕಳೆದಿತ್ತು. ನನ್ನ ತಂಗಿ ಅಮೆರಿಕದ ಒಹಾಯೋದಲ್ಲಿದ್ದಾಳೆ. ವಿಡಿಯೊ ಕಾಲ್‌ನಲ್ಲಿ ಇದನ್ನು ಹೇಳಿದರೆ ಅವಳು ನಗೋಕೆ ಶುರು ಮಾಡಿದಳು. ‘ಅಕ್ಕಾ, ಅದು ಬೇರೆ ಮರ ಕಣೇ! ನಮ್ಮೂರಲ್ಲಿ ಬೆಳೆಯೋದು!’

ವಿಷಯ ಇಷ್ಟು. ಆಸ್ಟ್ರೇಲಿಯಾದಂಥ ಕಡೆ ಪಾಪಾ ಅಂದರೆ ನಮ್ಮ ಪರಂಗಿಯೇ. ಅಮೆರಿಕದಲ್ಲಿ ಮಾತ್ರ ಪಾಪಾ ಅಂದರೆ ಬೇರೊಂದು ಕಾಡುಮರ. ಅದು ನಮ್ಮ ಸೀತಾಫಲದ ಕುಟುಂಬಕ್ಕೆ ಸೇರಿದ್ದು. ಒಹಾಯೋ ರಾಜ್ಯ 2009ರಲ್ಲಿ ಅದನ್ನು ತನ್ನ ನಾಡಹಣ್ಣು ಅಂತ ಘೋಷಿಸಿಕೊಂಡಿದೆ. ಆ ಮರ ಹಿಮ ಬೀಳುವ ಊರಿನದ್ದು. ಅದರ ಬೀಜಕ್ಕೆ ಒಂದು ಚಳಿಗಾಲ ಕಳೆದ ಅನುಭವ ಆಗಬೇಕು, ಆಗಲೇ ಮೊಳೆಯೋದು. ಅದಕ್ಕೇ ಫ್ರಿಜ್ಜು. ಬೀಜದಿಂದ ಬೆಳೆಸಿದರೆ ಹಣ್ಣಿಗೆ ಐದರಿಂದ ಎಂಟು ವರ್ಷ ಕಾಯಬೇಕು. ಅಂದರೆ ನಮ್ಮ ಲೆಕ್ಕದಲ್ಲಿ ಆರೇಳು ಅಗ್ರಿಮೆಂಟು!

ನಮ್ಮ ಪರಂಗಿ ಮಧ್ಯ ಅಮೆರಿಕ, ಮೆಕ್ಸಿಕೊ ಕಡೆಯ ಬಿಸಿ ನೆಲದ ಗಿಡ. ಅದಕ್ಕೆ ಚಳಿ ಕಂಡರಾಗದು. ಡಬ್ಬಿ ತೆಗೆದು ನೋಡಿದರೆ ಬೀಜದ ಮೇಲೆಲ್ಲ ಬೂಷ್ಟು. ಅತ್ತೆ ಒಂದು ಮಾತೂ ಆಡಲಿಲ್ಲ. ಡಬ್ಬಿಯನ್ನ ಮಾತ್ರ ಎರಡು ಸಲ ತೊಳೆದರು.

ಬೂದಿ ಹಾಕಿ ಉಜ್ಜವ್ವ

ಎರಡನೇ ಸಲ ಅತ್ತೆಯ ಪಾಠ. ನೀವೂ ಬೀಜದಿಂದ ಮಾಡೋದಾದರೆ ಇದನ್ನ ಗಮನಿಸಿ.

ಪರಂಗಿ ಬೀಜದ ಸುತ್ತ ಒಂದು ಲೋಳೆ ಪೊರೆ ಇರುತ್ತೆ, ನೋಡಿರ್ತೀರ. ಹಣ್ಣಿನೊಳಗೇ ಬೀಜ ಮೊಳೆಯದ ಹಾಗೆ ತಡೆಯೋದು ಅದೇ. ಅದನ್ನು ತೆಗೆಯದೆ ಮಣ್ಣಿಗೆ ಹಾಕಿದರೆ ಮೊಳಕೆ ತಡ ಆಗುತ್ತೆ, ಕೆಲವು ಬರೋದೇ ಇಲ್ಲ. ‘ಬೂದಿ ಹಾಕಿ ಉಜ್ಜವ್ವ’ ಅಂದರು ಅತ್ತೆ. ಕುವೆಂಪುನಗರದಲ್ಲಿ ಒಲೆ ಬೂದಿ ಎಲ್ಲಿಂದ ತರೋದು? ಟೀ ಸೋಸುವ ಜಾಲರಿಗೆ ಬೀಜ ಹಾಕಿ, ನಲ್ಲಿ ಕೆಳಗೆ ಹಿಡಿದು ಬೆರಳಿನಿಂದ ಉಜ್ಜಿದೆ. ಪೊರೆ ಒಡೆದು ಒಳಗಿನ ಗರುಕು ಬೀಜ ಸಿಕ್ಕಿತು. ನೀರಿಗೆ ಹಾಕಿದಾಗ ತೇಲಿದ್ದನ್ನ ಎಸೆದೆ, ಮುಳುಗಿದ್ದನ್ನ ಇಟ್ಟುಕೊಂಡೆ. ಪೇಪರ್ ಮೇಲೆ ಹರಡಿ ನೆರಳಲ್ಲಿ ಎರಡು ದಿನ ಒಣಗಿಸಿದೆ. ಬಿಸಿಲಲ್ಲಿ ಬೇಡ.

ಖಾಲಿ ಹಾಲಿನ ಕವರ್‌ಗಳ ತಳಕ್ಕೆ ತೂತು ಮಾಡಿ, ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಸಮ ಸಮ ಬೆರೆಸಿ ತುಂಬಿಸಿದೆ. ಕವರಿಗೆ ಎರಡೆರಡು ಬೀಜ, ಬೆರಳ ಉಗುರಿನಷ್ಟು ಆಳ, ಅಂದರೆ ಸುಮಾರು 1 ಸೆಂಟಿಮೀಟರ್. ಪರಂಗಿ ಬೇರಿಗೆ ಕಿತ್ತು ನೆಡೋದು ಅಂದರೆ ಆಗಲ್ಲ. ಅದಕ್ಕೇ ದೊಡ್ಡ ತಟ್ಟೆಯಲ್ಲಿ ಬಿತ್ತುವ ಬದಲು ಹೀಗೆ ಬೇರೆ ಬೇರೆ ಕವರ್‌ನಲ್ಲಿ ಬಿತ್ತಿದರೆ, ಆಮೇಲೆ ಕವರ್ ಸೀಳಿ ಮಣ್ಣಿನ ಸಮೇತ ಇಟ್ಟುಬಿಡಬಹುದು.

ಹತ್ತು ದಿನ ಏನೂ ಇಲ್ಲ. ಹದಿನೈದಾಯ್ತು, ಏನೂ ಇಲ್ಲ. ದಿನಾ ಬೆಳಿಗ್ಗೆ ಆಫೀಸ್ ಕ್ಯಾಬ್ ಬರೋ ಮುಂಚೆ ಹೋಗಿ ಬಗ್ಗಿ ನೋಡೋದು, ನೀರು ಹಾಕೋದು. 18ನೇ ದಿನ ಎರಡು ಮೊಳಕೆ ತಲೆ ಎತ್ತಿದವು. ಆ ವಾರದೊಳಗೆ ಒಂಬತ್ತು. ಪರಂಗಿ ಬೀಜಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಅಷ್ಟು ದಿನ ಮಣ್ಣು ತೇವ ಇರಬೇಕು, ಕೆಸರು ಆಗಬಾರದು.

ನಾನು ಕೆಸರು ಮಾಡಿದೆ. ಪ್ರೀತಿ ಜಾಸ್ತಿ ಆಯ್ತು. ಒಂಬತ್ತರಲ್ಲಿ ನಾಲ್ಕು, ಸಂಜೆ ಚೆನ್ನಾಗಿದ್ದವು, ಬೆಳಿಗ್ಗೆ ನೋಡಿದರೆ ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಟ್ಟಿದ್ದವು. ಇದಕ್ಕೆ ಸಸಿ ಕೊಳೆ ಅಂತಾರೆ. ಕಾರಣ ಶಿಲೀಂಧ್ರ, ಅದಕ್ಕೆ ಊಟ ಹಾಕಿದವಳು ನಾನು. ಆಮೇಲೆ ಮಣ್ಣಿನ ಮೇಲ್ಪದರ ಒಣಗಿದ ಮೇಲೆ ಮಾತ್ರ ನೀರು ಅಂತ ಗೋಡೆ ಮೇಲೆ ಚೀಟಿ ಅಂಟಿಸಿದೆ. ಉಳಿದ ಐದು ಬದುಕಿದವು. ಎರಡನ್ನ ಆಫೀಸಿನ ಗೆಳತಿಯರಿಗೆ ಕೊಟ್ಟೆ, ಮೂರು ನನಗೆ.

ಬೀಜವೋ, ಸಸಿಯೋ?

ಫ್ರಿಜ್ಜಿನಲ್ಲಿ ಕಳೆದ ಮೂರು ವಾರ ಮನಸ್ಸಲ್ಲಿ ಕೊರೀತಾನೇ ಇತ್ತು. ಲೆಕ್ಕ ಹಾಕಿ ನೋಡಿ. ಬಿತ್ತಿದ ದಿನದಿಂದ ಸಸಿ ನೆಡುವಷ್ಟು ಎತ್ತರ ಆಗೋಕೆ ಸುಮಾರು ಎರಡು ತಿಂಗಳು. ನೆಟ್ಟ ಮೇಲೆ ಹೂವಿಗೆ ಐದಾರು ತಿಂಗಳು. ಹೂವು ಹಣ್ಣಾಗೋಕೆ ಮತ್ತೆ ನಾಲ್ಕೈದು ತಿಂಗಳು. ಒಟ್ಟು 11ರಿಂದ 13 ತಿಂಗಳು. ಸಸಿ ತಂದು ನೆಟ್ಟರೆ ಮೊದಲ ಎರಡು ತಿಂಗಳು ಉಳಿಯುತ್ತೆ. ಅಗ್ರಿಮೆಂಟಿನ ಮೊದಲ ವಾರದಲ್ಲೇ ಸಸಿ ನೆಟ್ಟವರು ಅದೇ ಮನೆಯಲ್ಲಿ ಹಣ್ಣು ತಿನ್ನಬಹುದು. ಬೀಜ ಹಾಕಿದವರು ತಿನ್ನೋದು ಅನುಮಾನ.

ಹಾಗಾಗಿ ಜುಲೈನಲ್ಲೇ ಒಂದು ನರ್ಸರಿಗೆ ಹೋಗಿ ‘ರೆಡ್ ಲೇಡಿ’ ಅಂತ ಹೇಳಿ ಕೊಟ್ಟ ಒಂದು ಸಸಿ ತಂದು ಕಾಂಪೌಂಡಿನ ಒಂದು ಮೂಲೆಗೆ ನೆಟ್ಟೆ. ಇನ್ನೊಂದು ಮೂಲೆಯಲ್ಲಿ ಸೆಪ್ಟೆಂಬರ್ ಮಧ್ಯದಲ್ಲಿ ನನ್ನ ಮೂರು ಸಸಿ. ಎರಡಡಿ ಉದ್ದ, ಅಗಲ, ಆಳದ ಗುಂಡಿ, ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಮೂರೂ ಒಂದೇ ಗುಂಡಿಯಲ್ಲಿ, ಒಂದು ಗೇಣು ಅಂತರ ಬಿಟ್ಟು.

ಓನರ್ ಆಂಟಿ ಮೇಲಿಂದ ಬಗ್ಗಿ ನೋಡಿದರು. ‘ಏನಮ್ಮಾ, ತೋಟ ಮಾಡ್ತಿದ್ದೀರ? ಮೂರು ಮೂರು ಗಿಡ ಯಾಕೆ ಒಂದೇ ಕಡೆ? ಗೋಡೆಗೆ ಏನಾದ್ರೂ ಆದ್ರೆ?’

‘ಕೊನೆಗೆ ಒಂದೇ ಇಟ್ಕೊಳ್ಳೋದು ಆಂಟಿ. ಹೂ ಬಿಟ್ಟ ಮೇಲೆ ಯಾವುದು ಅಂತ ಗೊತ್ತಾಗುತ್ತೆ. ಇದರದ್ದು ಮೆತ್ತಗಿನ ಬೇರು, ಗೋಡೆಗೆ ಏನೂ ಆಗಲ್ಲ’ ಅಂದೆ.

‘ನೋಡಿ ಮತ್ತೆ. ನನ್ನ ಮಗ ಬಂದ್ಮೇಲೆ ಅಲ್ಲೆಲ್ಲ ಟೈಲ್ಸ್ ಹಾಕಿಸ್ಬೇಕು, ಬೈಕ್ ನಿಲ್ಸೋಕೆ’ ಅಂದು ಒಳಗೆ ಹೋದರು.

ಗಂಡೋ, ಹೆಣ್ಣೋ, ಎರಡೂನೋ

ಮೂರು ಯಾಕೆ ಅನ್ನೋದು ನಿಜಕ್ಕೂ ಒಳ್ಳೇ ಪ್ರಶ್ನೆ. ಪರಂಗಿಯಲ್ಲಿ ಮೂರು ಥರದ ಗಿಡ ಇರುತ್ತೆ. ಗಂಡು, ಹೆಣ್ಣು, ಮತ್ತೆ ಒಂದೇ ಹೂವಿನಲ್ಲಿ ಎರಡೂ ಇರುವ ದ್ವಿಲಿಂಗಿ. ಬೀಜ ನೋಡಿದರೆ ಗೊತ್ತಾಗಲ್ಲ, ಎಲೆ ನೋಡಿದರೂ ಗೊತ್ತಾಗಲ್ಲ. ಹೂವು ಬರುವ ತನಕ ಕಾಯಲೇಬೇಕು.

ಹೂವಿನಲ್ಲಿ ಗುರುತು ಸುಲಭ. ಗಂಡಿನ ಹೂವು ಉದ್ದ ತೊಟ್ಟಿನಲ್ಲಿ ಗೊಂಚಲಾಗಿ ಜೋತಾಡುತ್ತೆ, ಸಣ್ಣ ಕೊಳವೆಯ ಹಾಗೆ. ಹೆಣ್ಣಿನದು ಕಾಂಡಕ್ಕೆ ಅಂಟಿಕೊಂಡಂತೆ ಒಂದೋ ಎರಡೋ, ಬುಡ ದಪ್ಪ, ಒಳಗೆ ಕೇಸರ ಇರಲ್ಲ. ದ್ವಿಲಿಂಗಿಯದೂ ಕಾಂಡದ ಹತ್ತಿರವೇ, ಆದರೆ ಸ್ವಲ್ಪ ಉದ್ದ. ಬಿಡಿಸಿ ನೋಡಿದರೆ ಒಳಗೆ ಹಳದಿ ಕೇಸರವೂ ಇರುತ್ತೆ, ನಡುವೆ ಪುಟ್ಟ ಉದ್ದನೆಯ ಕಾಯಿಯೂ ಇರುತ್ತೆ.

ಹಣ್ಣಿನಲ್ಲೂ ಒಂದು ಸುಳಿವಿದೆ. ಮಾರ್ಕೆಟ್ಟಿನಲ್ಲಿ ಉದ್ದನೆಯ ಹಣ್ಣು ಸಾಮಾನ್ಯವಾಗಿ ದ್ವಿಲಿಂಗಿ ಗಿಡದ್ದು, ಗುಂಡಗಿರೋದು ಹೆಣ್ಣು ಗಿಡದ್ದು. ದ್ವಿಲಿಂಗಿ ಗಿಡ ತನ್ನದೇ ಪರಾಗದಿಂದ ಕಟ್ಟಿದ ಹಣ್ಣಿನ ಬೀಜದಲ್ಲಿ ಸುಮಾರು ಮೂರಕ್ಕೆ ಎರಡು ದ್ವಿಲಿಂಗಿ, ಒಂದು ಹೆಣ್ಣು ಬರುತ್ತೆ, ಗಂಡು ಬರಲ್ಲ. ಗಂಡು ಗಿಡದ ಪರಾಗದಿಂದ ಹೆಣ್ಣು ಗಿಡದಲ್ಲಿ ಕಟ್ಟಿದ ಹಣ್ಣಾದರೆ ಅರ್ಧಕ್ಕರ್ಧ ಗಂಡು. ಹಾಗಾಗಿ ಬೀಜಕ್ಕೆ ಅಂತ ಕೊಳ್ಳೋದಾದರೆ ಉದ್ದನೆಯ ಹಣ್ಣು ಆರಿಸಿ.

ಇಷ್ಟು ತಿಳಿದ ಮೇಲೂ ಲಾಟರಿಯೇ. ಅಕ್ಟೋಬರ್ ಮಳೆ ನಾಲ್ಕು ದಿನ ಹಿಡಿಯಿತು. ಕಾಂಪೌಂಡ್ ಪಕ್ಕ ನೀರು ನಿಂತಿದ್ದನ್ನು ನಾನು ಆಫೀಸಿನಲ್ಲಿದ್ದವಳು ನೋಡಲಿಲ್ಲ. ಪರಂಗಿಗೆ ಬಿಸಿಲು ತಡೆಯುತ್ತೆ, ಬುಡದಲ್ಲಿ ನಿಂತ ನೀರು ತಡೆಯಲ್ಲ. ಒಂದೆರಡು ದಿನ ನಿಂತರೂ ಬೇರು ಕೊಳೆಯುತ್ತೆ. ಮೂರರಲ್ಲಿ ತಗ್ಗಿನ ಕಡೆಗಿದ್ದ ಒಂದು ಹೋಯ್ತು. ಆಮೇಲೆ ಬುಡಕ್ಕೆ ಮಣ್ಣು ಏರಿಸಿ ದಿಬ್ಬ ಮಾಡಿ, ನೀರು ಹರಿದು ಹೋಗೋಕೆ ಕಾಲುವೆ ತೆಗೆದೆ. ನೆಡುವ ದಿನವೇ ಮಾಡಬೇಕಿದ್ದ ಕೆಲಸ ಅದು. ನವೆಂಬರ್‌ನಲ್ಲಿ ಇನ್ನೊಂದರ ಮೇಲೆ ಗ್ಯಾಸ್ ತಂದವರು ತುಂಬಿದ ಸಿಲಿಂಡರ್ ಇಟ್ಟುಬಿಟ್ಟರು. ಅಲ್ಲಿಗೆ ಮೂರರಲ್ಲಿ ಒಂದು.

ಡಿಸೆಂಬರ್ ಕೊನೆಗೆ ನರ್ಸರಿ ಸಸಿ ಹೂ ಬಿಟ್ಟಿತು. ನಾನು ಖುಷಿಯಿಂದ ಅತ್ತೆಯನ್ನ ಕರೆದೆ. ಅವರು ದೂರದಿಂದಲೇ ನೋಡಿ, ‘ಗಂಡು ಕಣವ್ವ. ಕಡಿದು ಹಾಕು’ ಅಂದರು.

ಉದ್ದ ತೊಟ್ಟು, ಜೋತಾಡುವ ಗೊಂಚಲು. ಅನುಮಾನವೇ ಇಲ್ಲ. ರೆಡ್ ಲೇಡಿ ತೈವಾನಿನ ಹೈಬ್ರಿಡ್ ತಳಿ. ಅದರ ಅಸಲಿ ಬೀಜದಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಮಾತ್ರ ಬರೋದು, ಗಂಡು ಬರೋದಿಲ್ಲ. ಅಂದರೆ ನಾನು ತಂದಿದ್ದು ರೆಡ್ ಲೇಡಿಯೇ ಅಲ್ಲ.

ನನ್ನ ಗಂಡ ಪಕ್ಕದಲ್ಲಿ ನಿಂತು, ‘ಅಮ್ಮಾ, ಗಂಡು ಅಂತ ಗೊತ್ತಾದ ತಕ್ಷಣ ಕಡಿ ಅಂತೀಯಲ್ಲ, ಇದೊಂದು ವಿಷಯದಲ್ಲಿ ಮಾತ್ರ ನಿಮ್ಗೆಲ್ಲ ಹೆಣ್ಣೇ ಬೇಕು’ ಅಂದರು. ಅತ್ತೆಗೆ ಮೂರು ಹೆಣ್ಣಾದ ಮೇಲೆ ಹುಟ್ಟಿದ ಮಗ ಇವರು. ಮೂವರಲ್ಲಿ ಪ್ರತಿಯೊಬ್ಬಳು ಹುಟ್ಟಿದಾಗಲೂ ಊರಲ್ಲಿ ಏನೇನು ಮಾತು ಕೇಳಿದ್ದರೋ. ಅತ್ತೆ ನಗಲಿಲ್ಲ. ‘ಹೂಂ, ಗಿಡದಲ್ಲಾದ್ರೂ ಬೇಕಲ್ಲ’ ಅಂದು ಒಳಗೆ ಹೋದರು.

ಪಕ್ಕದ ಮನೆಯವರು ಕಾಂಡಕ್ಕೆ ಮೊಳೆ ಹೊಡೆಯಿರಿ, ಹೆಣ್ಣಾಗುತ್ತೆ ಅಂತ ಸಲಹೆ ಕೊಟ್ಟರು. ನಮ್ಮ ಕಡೆ ಬಹಳ ಜನ ಹೀಗೆ ನಂಬ್ತಾರೆ. ಗಿಡ ಗಂಡೋ ಹೆಣ್ಣೋ ಅನ್ನೋದು ಬೀಜದಲ್ಲೇ ತೀರ್ಮಾನ ಆಗಿರುತ್ತೆ, ಮೊಳೆಯಿಂದ ಅದು ಬದಲಾಗಲ್ಲ. ಹವೆ ಬದಲಾದಾಗ ಕೆಲವು ಗಂಡು ಗಿಡ ತಾನಾಗಿಯೇ ಉದ್ದ ತೊಟ್ಟಿನಲ್ಲಿ ಒಂದೆರಡು ಕಾಯಿ ಬಿಡೋದುಂಟು. ಅದನ್ನ ನೋಡಿದವರು ಹೆಸರು ಮೊಳೆಗೆ ಕೊಟ್ಟಿರಬೇಕು.

ನಾನು ಗಂಡು ಗಿಡ ಕಡಿಯಲಿಲ್ಲ. ಒಂದು ಕಾರಣ ಸೋಮಾರಿತನ. ಇನ್ನೊಂದು, ಉಳಿದ ಒಂದು ಗಿಡ ಏನು ಅಂತ ಇನ್ನೂ ಗೊತ್ತಿರಲಿಲ್ಲ. ಫೆಬ್ರವರಿ ಮಧ್ಯಕ್ಕೆ ಅದೂ ಹೂ ಬಿಟ್ಟಿತು. ಹೆಣ್ಣು. ಹೆಣ್ಣು ಗಿಡಕ್ಕೆ ಎಲ್ಲಿಂದಲಾದರೂ ಪರಾಗ ಬರಬೇಕು, ಇಲ್ಲದಿದ್ದರೆ ಹೂವು ಬಹುಪಾಲು ಉದುರುತ್ತೆ. ತೋಟದವರು ಹತ್ತು ಹೆಣ್ಣಿಗೆ ಒಂದು ಗಂಡು ಬಿಡೋದು ಇದಕ್ಕೇ. ಮೋಸ ಹೋಗಿ ತಂದ ಆ ಗಂಡು ಗಿಡ ಹತ್ತಡಿ ದೂರದಲ್ಲಿ ಗೊಂಚಲು ಬಿಟ್ಟುಕೊಂಡು ನಿಂತಿತ್ತು. ಮಾರ್ಚ್ ಹೊತ್ತಿಗೆ ಹೆಣ್ಣಿನ ಕಾಂಡದ ಸುತ್ತ ಹನ್ನೊಂದು ಪುಟ್ಟ ಕಾಯಿ.

ಬಿಳಿ ಹಿಟ್ಟು

ಆಗಲೇ ಎಲೆ ಕೆಳಗೆ ಹತ್ತಿಯಂಥ ಬಿಳಿ ಹಿಟ್ಟು ಕಾಣಿಸಿತು. ಹಿಟ್ಟು ತಿಗಣೆ. ಔಷಧಿ ತರೋಕೆ ಹೊರಟಿದ್ದೆ. ತೋಟಗಾರಿಕೆ ಓದಿದ ಸಹೋದ್ಯೋಗಿಯ ತಮ್ಮ ತಡೆದ. ಅವನು ಹೇಳಿದ ಕಥೆ ನನಗೆ ಗೊತ್ತೇ ಇರಲಿಲ್ಲ.

ಪರಂಗಿಯ ಈ ಹಿಟ್ಟು ತಿಗಣೆ ಮೆಕ್ಸಿಕೊ ಕಡೆಯದು. ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಅಲ್ಲಿಂದ ಕರ್ನಾಟಕಕ್ಕೂ ಹಬ್ಬಿತು. ಪರಂಗಿ ಮಾತ್ರ ಅಲ್ಲ, ಹಿಪ್ಪುನೇರಳೆ ತೋಟಗಳೂ ಹಾಳಾದವು. ಔಷಧಿ ಹೊಡೆದು ಹೊಡೆದು ರೈತರು ಸೋತರು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು ಪೋರ್ಟೊ ರಿಕೊದಿಂದ ಪುಟಾಣಿ ಪರಾವಲಂಬಿ ಕಣಜಗಳನ್ನು ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟರು. ಆ ಕಣಜ ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತೆ. ಹಾವಳಿ ಇಳಿಯಿತು.

‘ಅಕ್ಕ, ವಿಷ ಹೊಡೆದ್ರೆ ಮೊದ್ಲು ಸಾಯೋದು ಆ ಕಣಜ. ಪೈಪಿನಲ್ಲಿ ಜೋರಾಗಿ ನೀರು ಬಿಡಿ. ಸ್ವಲ್ಪ ಸೋಪ್ ನೀರು ಸಾಕು’ ಅಂದ. ಹಾಗೇ ಮಾಡಿದೆ. ಎರಡು ವಾರದಲ್ಲಿ ಹತೋಟಿಗೆ ಬಂತು.

ಎಲೆ ಹಳದಿ ಹಸಿರು ಮಚ್ಚೆಯಾಗಿ ಮುದುಡಿದರೆ, ಕಾಯಿಯ ಮೇಲೆ ಉಂಗುರದ ಗುರುತು ಬಂದರೆ ಅದು ಬೇರೆ ಕಾಯಿಲೆ. ಉಂಗುರ ಚುಕ್ಕೆ ವೈರಸ್. ಗಿಡಹೇನಿನಿಂದ ಹರಡುತ್ತೆ, ಮದ್ದಿಲ್ಲ. ಅಂಥ ಗಿಡ ಕಿತ್ತುಬಿಡಿ. ಪಕ್ಕದಲ್ಲಿ ಕುಂಬಳ, ಸೌತೆ ಬಳ್ಳಿ ಹಬ್ಬಿಸಬೇಡಿ, ಆ ವೈರಸ್ ಅವುಗಳಲ್ಲೂ ಉಳಿಯುತ್ತೆ.

ಖಾಲಿ ಮಾಡುವ ದಿನ

ಮಾರ್ಚ್ ಕೊನೆಗೆ ಆಂಟಿ ಕೆಳಗೆ ಬಂದರು. ಮಗ ಕೆಲಸ ಬದಲಾಯಿಸಿ ಮೈಸೂರಿಗೇ ಬರ್ತಿದ್ದಾನೆ, ಕೆಳಗಿನ ಮನೆ ಬೇಕು, ಅಗ್ರಿಮೆಂಟ್ ಮುಂದುವರಿಸೋಕೆ ಆಗಲ್ಲ ಅಂದರು. ತಪ್ಪೇನಿಲ್ಲ, ಅವರ ಮನೆ. ಏಪ್ರಿಲ್ 30ಕ್ಕೆ 11 ತಿಂಗಳು ಸರಿಯಾಗಿ ಮುಗಿಯಿತು. ಕಾಯಿ ಆಗ ನನ್ನ ಎರಡು ಮುಷ್ಟಿಯಷ್ಟು.

ಹಿಂದಿನ ರಾತ್ರಿ ಮನೆಯಲ್ಲಿ ಚರ್ಚೆ. ‘ಎಲ್ಲಾ ಕೊಯ್ದುಬಿಡು. ಪಲ್ಯಕ್ಕಾದ್ರೂ ಆಗುತ್ತೆ. ನೀರು ಹಾಕಿದ್ದು ನೀನು, ಟೈಲ್ಸ್ ಹಾಕೋವಾಗ ಹೇಗೂ ಕಡೀತಾರೆ’ ಅಂದರು ನನ್ನ ಗಂಡ. ಮಾತು ಸರಿಯಾಗಿಯೇ ಇತ್ತು. ನಾನೂ ಚಾಕು ಹಿಡಿದು ಹೋದೆ. ಬೀಜ ತೊಳೆದಿದ್ದು, ಚೀಟಿ ಅಂಟಿಸಿದ್ದು, ಮಳೆಯಲ್ಲಿ ಕಾಲುವೆ ತೆಗೆದಿದ್ದು ಎಲ್ಲ ನೆನಪಾಗಿ ಹೊಟ್ಟೆ ಉರಿಯಿತು. ಇನ್ನು ಎರಡೂವರೆ ತಿಂಗಳು ಸಿಕ್ಕಿದ್ದರೆ ಸಾಕಿತ್ತು.

ಅತ್ತೆ ಹಿಂದೆಯೇ ಬಂದು, ‘ಎರಡು ಕಿತ್ಕೋ. ಪಲ್ಯ ಮಾಡುವ. ಮಿಕ್ಕಿದ್ದು ಬುಡು. ಗಿಡಕ್ಕೆ ಅಗ್ರಿಮೆಂಟ್ ಗೊತ್ತಾ?’ ಅಂದರು.

ಎರಡು ಕೊಯ್ದೆ. ತೊಟ್ಟಿನಿಂದ ಹಾಲು ಸುರಿಯಿತು. ಒಂಬತ್ತು ಉಳಿಸಿದೆ. ಬೆಳಿಗ್ಗೆ ಕೀ ಕೊಡುವಾಗ ಆಂಟಿಗೆ, ‘ಬುಡಕ್ಕೆ ನೀರು ನಿಲ್ಲದ ಹಾಗೆ ನೋಡ್ಕೊಳ್ಳಿ. ಕಾಯಿ ಮೇಲೆ ಹಳದಿ ಗೆರೆ ಬಂದ ತಕ್ಷಣ ಕೀಳಿ, ಪೂರ್ತಿ ಹಣ್ಣಾಗೋಕೆ ಬಿಟ್ರೆ ಹಕ್ಕಿ ತಿನ್ನುತ್ವೆ’ ಅಂದೆ. ಅವರು ‘ಹೂಂ’ ಅಂದರು, ಅಷ್ಟೇ.

ಹೊಸ ಮನೆ ವಿಜಯನಗರದಲ್ಲಿ, ಎರಡನೇ ಮಹಡಿ. ನೆಲ ಇಲ್ಲ. ಆ ದಾರಿಯಲ್ಲಿ ಹೋಗೋದನ್ನೇ ಬಿಟ್ಟೆ. ಕಡಿದ ಬುಡ ನೋಡೋದು ಬೇಡ ಅಂತ.

ಆಷಾಢದ ಎರಡನೇ ಶುಕ್ರವಾರ. ಬೆಟ್ಟಕ್ಕೆ ಹೋಗುವ ಜನರಿಂದ ಊರೆಲ್ಲ ಟ್ರಾಫಿಕ್ಕು. ಆಫೀಸಿನಲ್ಲಿ ತಡವಾಗಿ ಕೂತಿದ್ದೆ, ಆಂಟಿಯ ಫೋನು.

‘ಹಳದಿ ಗೆರೆ ಬಂದಿದೆ ಕಣಮ್ಮಾ ಮೂರಕ್ಕೆ. ಕಿತ್ತು ಪೇಪರ್‌ನಲ್ಲಿ ಸುತ್ತಿಟ್ಟಿದೀನಿ. ಬಂದು ತಗೊಂಡು ಹೋಗಿ.’

‘ಟೈಲ್ಸ್ ಹಾಕಿಸ್ಲಿಲ್ವಾ ಆಂಟಿ?’

‘ಹಣ್ಣಾಗ್ಲಿ ಅಂತ ಅವ್ರಿಗೆ ಆಮೇಲೆ ಬನ್ನಿ ಅಂದೆ. ಆ ಗಂಡು ಗಿಡ ಕಡಿಸಿದೆ, ಅಲ್ಲೇ ಬೈಕ್ ನಿಲ್ಲುತ್ತೆ. ಇದಿರ್ಲಿ.’

ಸಂಜೆ ಹೋದೆ. ಒಂದು ಹಣ್ಣು ನಮಗೆ ಕೊಟ್ಟರು, ಎರಡು ಇಟ್ಟುಕೊಂಡರು. ಜೊತೆಗೆ ಪೇಪರ್ ಪೊಟ್ಟಣದಲ್ಲಿ ಬೀಜ. ಹಿಂದಿನ ವಾರ ಮೊದಲನೇ ಹಣ್ಣು ತಿಂದಾಗ ತೆಗೆದು, ತೊಳೆದು, ನೆರಳಲ್ಲಿ ಒಣಗಿಸಿದ್ದಂತೆ. ‘ನೀವು ಜಾಲರಿಯಲ್ಲಿ ಉಜ್ಜೋದನ್ನ ಮೇಲಿಂದ ನೋಡಿದ್ದೆ’ ಅಂದರು.

ಹಣ್ಣು ಸುಮಾರಾಗಿ ಸಿಹಿ ಇತ್ತು. ಮಾರ್ಕೆಟ್ಟಿಂದ ತಂದ ತಾಯಿ ಹಣ್ಣಿನಷ್ಟು ಇರಲಿಲ್ಲ. ಬೀಜದಿಂದ ಬಂದ ಪರಂಗಿ ತಾಯಿಯ ಹಾಗೇ ಇರಬೇಕು ಅಂತೇನಿಲ್ಲ, ಹೈಬ್ರಿಡ್ ಆದರಂತೂ ಇರೋದೇ ಇಲ್ಲ. ಅತ್ತೆ ಮಾತ್ರ ಎರಡು ಹೋಳು ಜಾಸ್ತಿ ತಿಂದರು.

ನೀವು ಹಾಕೋದಾದರೆ

ಒಂದೇ ಗಿಡಕ್ಕೆ ಜಾಗ ಇರೋರು ದ್ವಿಲಿಂಗಿ ತಳಿ ಕೇಳಿ, ಅದಕ್ಕೆ ಜೊತೆ ಬೇಕಿಲ್ಲ. ಕೊಡಗಿನ ಚೆಟ್ಟಳ್ಳಿ ಕೇಂದ್ರದಲ್ಲಿ ಆಯ್ದ ‘ಕೂರ್ಗ್ ಹನಿ ಡ್ಯೂ’, ಬೆಂಗಳೂರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಸೂರ್ಯ’ ಈ ಥರದವು. ಇವುಗಳಲ್ಲಿ ಗಂಡು ಬರಲ್ಲ, ಹೆಣ್ಣು ಬರಬಹುದು. ಸೂರ್ಯದ ಹಣ್ಣು 600ರಿಂದ 800 ಗ್ರಾಂ ತೂಗುತ್ತೆ. ಇಬ್ಬರೇ ಇರುವ ಮನೆಗೆ ಅರ್ಧ ಹಣ್ಣು ಫ್ರಿಜ್ಜಿನಲ್ಲಿ ಕೊಳೆಯೋದು ತಪ್ಪುತ್ತೆ. ತಾರಸಿಯ ಡ್ರಮ್ಮಿಗೆ ‘ಪೂಸಾ ನನ್ಹಾ’ ಅನ್ನೋ ಗಿಡ್ಡ ತಳಿ ಹೇಳ್ತಾರೆ. ಅದರಲ್ಲಿ ಗಂಡು, ಹೆಣ್ಣು ಬೇರೆ ಬೇರೆ, ಹಾಗಾಗಿ ಒಂದೇ ತಂದು ಕೂರಬೇಡಿ. ಸಸಿ ಎಲ್ಲಿ ಸಿಗುತ್ತೆ ಅಂತ ಕರ್ಜನ್ ಪಾರ್ಕಿನ ತೋಟಗಾರಿಕೆ ಇಲಾಖೆಯಲ್ಲೋ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಒಮ್ಮೆ ಕೇಳಿ. ದಾರಿ ಬದಿಯಲ್ಲಿ ಹೆಸರು ಕೇಳಿ ತರೋದಕ್ಕಿಂತ ಅದು ವಾಸಿ.

ಡೆಂಗಿ ಕಾಲದಲ್ಲಿ ಬೀದಿಯವರೆಲ್ಲ ಎಲೆ ಕೇಳಿಕೊಂಡು ಬರ್ತಾರೆ. ಕೊಡಿ. ಜೊತೆಗೆ ರಸ ಕುಡಿದು ಮನೆಯಲ್ಲೇ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ ಅಂತಲೂ ಹೇಳಿ.

ಪರಂಗಿ ಅನ್ನೋ ಹೆಸರೇ ‘ಹೊರಗಿನವರದ್ದು’ ಅಂತ. ಪೋರ್ಚುಗೀಸರ ಜೊತೆ 16ನೇ ಶತಮಾನದಲ್ಲಿ ಬಂದ ಗಿಡ. ನಾಲ್ಕು ನೂರು ವರ್ಷ ಆದಮೇಲೂ ಹೆಸರಲ್ಲಿ ಬಾಡಿಗೆದಾರನೇ, ಆದರೆ ಈಗ ಅದಿಲ್ಲದ ಹಿತ್ತಲಿಲ್ಲ.

ಆಂಟಿ ಕೊಟ್ಟ ಬೀಜ ಮೊನ್ನೆ ಬಿತ್ತಿದೆ, ಹಾಲಿನ ಕವರ್‌ನಲ್ಲೇ. ಅಪ್ಪ ಆ ಕಡಿದ ಗಂಡು ಗಿಡವೇ ಆಗಿದ್ದರೆ ಅರ್ಧ ಗಂಡಾಗುತ್ತೆ, ಗೊತ್ತು. ಹನ್ನೆರಡು ಕವರ್ ಇದೆ. ನನಗೆ ಬೇಕಿರೋದು ಡ್ರಮ್ಮಿಗೆ ಒಂದು. ಮಿಕ್ಕಿದ್ದು ಆಫೀಸಿನಲ್ಲಿ ನೆಲ ಇರುವ ಬಾಡಿಗೆ ಮನೆಯವರಿಗೆ. ಅಗ್ರಿಮೆಂಟ್ ಎಷ್ಟು ತಿಂಗಳು ಉಳಿದಿದೆ ಅಂತ ಕೇಳೋದಿಲ್ಲ.

ನಿಮ್ಮ ಮನೆ ಹತ್ತಿರ ಪರಂಗಿ ಇದ್ದರೆ ಇವತ್ತು ಹೋಗಿ ಹೂವು ನೋಡಿ. ಗಂಡೋ, ಹೆಣ್ಣೋ, ಎರಡೂನೋ, ನನಗೂ ಬರೆದು ತಿಳಿಸಿ.